ಶುದ್ಧ ಸಸ್ಯಾಹಾರಿಯ ತಲೆಯಲ್ಲಿ ಲಾಡಿಹುಳು

ಆಸ್ಪತ್ರೆಯ ಲ್ಯಾಬಿನಲ್ಲಿ ಕೂತವನಿಗೆ ಯಾರ ಬಾಯಿಮಾತನ್ನೂ ನಂಬದಿರುವುದೇ ಸಂಬಳದ ಕೆಲಸ; ನಗು ಬರುವ ಸಂಗತಿಗಳು ದಿನಾ ತಾವಾಗಿಯೇ ನಡೆದುಕೊಂಡು ಬರುತ್ತವೆ. ವಯನಾಡು ಜಿಲ್ಲೆಯಾಗಿ ಹತ್ತು ವರ್ಷವಾಗಿತ್ತು. ಕಲ್ಲೂರಿನ ಹತ್ತಿರದ ನಮ್ಮ ಪುಟ್ಟ ಆಸ್ಪತ್ರೆಯಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಡಾಕ್ಟರ ಮಲಯಾಳವನ್ನು ಕನ್ನಡದವರಿಗೆ ದಾಟಿಸಿ ಬೈಗುಳ ತಿನ್ನುವ ಭಾಗ್ಯವೂ ನನ್ನದೇ ಆಗಿತ್ತು.

ಮೀಸೆ

ಗುಂಡ್ಲುಪೇಟೆ ಕಡೆಯಿಂದ ಬಂದು ಸಸ್ಯಾಹಾರಿ ಹೋಟೆಲ್ ಇಟ್ಟಿದ್ದ ದಪ್ಪ ಮೀಸೆಯ ಯಜಮಾನರಿಗೆ ಫಿಟ್ಸ್ ಬಂತು. ಮನೆಯವರು ಘಾಟಿ ಇಳಿಸಿ, ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ ಫಿಲಂ ತಂದರು. ಮಿದುಳಿನಲ್ಲಿ ಲಾಡಿಹುಳುವಿನ ಮರಿಗಳಿವೆ, ಹಂದಿಮಾಂಸದಿಂದ ಹಬ್ಬುವ ಜಾತಿ ಅಂದರು ಡಾಕ್ಟರು. ನಾನು ಹಂದಿ ಎಂದದ್ದೇ ತಡ, ಹೆಂಡತಿ ಗಂಡನಿಂದ ಒಂದು ಮಾರು ಸರಿದು ಕೂತರು. ಕದ್ದು ತಿಂದದ್ದು ನಿಜವಾದರೆ ಈ ಸಂಸಾರವೇ ಬೇಡ ಎಂದರು. ಗಂಡ ದೇವರ ಮೇಲೆ ಆಣೆ ಇಟ್ಟು, ಈ ಫಿಲಂ ಬೇರೆ ಯಾರದೋ ಇರಬೇಕು ಎಂದರು. ಆಕೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೌದು, ಇದ್ರಲ್ಲಿ ಮೀಸೆನೇ ಇಲ್ಲ."

ಹೆಣ

ಫಿಟ್ಸ್ ತಡೆಯಲು ಒಂದು ಮಾತ್ರೆ, ಹುಳು ಸಾಯಲು ಇನ್ನೊಂದು. ಎರಡನೆಯದನ್ನು ಅಂಗೈಯಲ್ಲಿಟ್ಟುಕೊಂಡು ಯಜಮಾನರು ಕೇಳಿದರು: "ಒಳಗೆ ಸಾಯ್ತದೆ, ಸರಿ. ಹೆಣ ಎತ್ತೋರು ಯಾರು?"

ಅಲ್ಲೇ ಕರಗುತ್ತದೆ ಎಂದರೆ ನಂಬಲಿಲ್ಲ. ಮಾತ್ರೆ ಮುಗಿಯುವವರೆಗೂ ದಿನಾ ಬೆಳಿಗ್ಗೆ ಪಂಚೆಯ ತುದಿಗೆ ಮೂಗು ಸೀಟಿ, ಮೈಕ್ರೋಸ್ಕೋಪಿನಲ್ಲಿ ನೋಡು ಎಂದು ನನ್ನ ಮುಂದೆ ಹಿಡಿಯುತ್ತಿದ್ದರು.

ಬೆಂಕಿಪೊಟ್ಟಣ

ಡಾಕ್ಟರು ಬಿಡಿಸಿ ಹೇಳಿದರು: ಸರಿಯಾಗಿ ಬೇಯದ ಹಂದಿಮಾಂಸ ತಿಂದವನಿಗೆ ಹುಳು ಹೊಟ್ಟೆಯಲ್ಲಿ ಬೆಳೆಯುತ್ತದೆ, ಅವನು ಕೈ ತೊಳೆಯದೆ ಕೊಟ್ಟದ್ದನ್ನು ಉಂಡವನಿಗೆ ಅದರ ಮೊಟ್ಟೆ ಒಳಗೆ ಸೇರಿ ಮರಿ ತಲೆಗೆ ಹೋಗುತ್ತದೆ. ಹಾಗಾಗಿ ಮನೆಯವರೆಲ್ಲ ಬೆಂಕಿಪೊಟ್ಟಣದಲ್ಲಿ ಮಲ ತರಬೇಕು.

ಯಜಮಾನರ ಹೆಂಡತಿಯ ಅಣ್ಣ ಅವರ ಮನೆಯಲ್ಲೇ ಇದ್ದ. ಹಣೆತುಂಬ ವಿಭೂತಿ, ಹೋಟೆಲಿನ ಚಟ್ನಿ ಕಲಸುವ ಕೆಲಸ. ಭಾವನೇ ತಿಂದಿರಬೇಕು ಎಂದು ತಂಗಿಯ ಕಿವಿ ಊದಿದ್ದವನೂ ಅವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತನಗೆ ಪರೀಕ್ಷೆ ಯಾಕೆ ಎಂದು ಕೂಗಾಡಿ, ಕೊನೆಗೆ ದಾರ ಸುತ್ತಿದ ಪೊಟ್ಟಣ ತಂದುಕೊಟ್ಟ. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಸಗಣಿ.

ತಂಗಿಗೆ ಹೇಳಿದೆ: "ನಿಮ್ಮಣ್ಣ ಎಷ್ಟು ಶುದ್ಧ ಅಂದ್ರೆ, ಹುಲ್ಲು ಬಿಟ್ಟು ಬೇರೇನೂ ತಿನ್ನಲ್ಲ."

ಸಾಕ್ಷಿ

ಎರಡನೇ ಸಲ ಕಕ್ಕಸಿನ ಬಾಗಿಲಲ್ಲಿ ನಾನೇ ಕಾವಲು ನಿಂತೆ. ಮೊಟ್ಟೆಗಳು ರಾಶಿರಾಶಿ ಸಿಕ್ಕವು. ಹುಳು ಇರುವುದು ಅಣ್ಣನ ಹೊಟ್ಟೆಯಲ್ಲಿ, ಯಜಮಾನರ ಮೇಲೆ ಅನುಮಾನ ಬೇಡ ಎಂದರು ಡಾಕ್ಟರು. ಹೆಂಡತಿ ಅತ್ತರು. ಸುಮ್ಮನೆ ನೋಯಿಸಿದೆ ಎಂದು ಗಂಡನ ಕೈ ಹಿಡಿದರು. ಯಜಮಾನರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಆಮೇಲೆ ಆಕೆ ಅಣ್ಣನ ಕಡೆ ತಿರುಗಿ, ಎಲ್ಲಿ ತಿಂದೆ ಎಂದು ಗದರಿದರು.

"ನಾನೊಬ್ನೇ ಹೋಗಿದ್ನಾ?" ಅಂದ ಅವನು. "ಅಂಗಡಿ ತೋರ್ಸಿದ್ದೇ ನಿನ್ನ ಗಂಡ."

ಎಲ್ಲರೂ ಯಜಮಾನರನ್ನೇ ನೋಡಿದೆವು. ಅವರು ಹೆಂಡತಿಯ ಕೈಯಿಂದ ತಮ್ಮ ಕೈ ಮೆಲ್ಲಗೆ ಬಿಡಿಸಿಕೊಂಡರು.

"ಪೀಸೆಲ್ಲ ಇವ್ರಿಗೇ ಕೊಟ್ಟೆ ಕಣೇ. ನಾನು ಮರಗೆಣಸಿಗೆ ಬರೀ ಅದ್ರ ಸಾರು ಹಾಕ್ಕೊಂಡೆ."