ಕುಂಟೆಗೆ ಬಿಟ್ಟ ಅಂತರಗಂಗೆ

ಬೇಡದೆ ಬಂದ ಚೆಂದದ ವಸ್ತುವನ್ನು ನಾನೀಗ ನಂಬುವುದಿಲ್ಲ. ಕಳ್ಳಿಗೆ ಮುಳ್ಳಾದರೂ ಇದೆ, ದೂರದಿಂದಲೇ ಮರ್ಯಾದೆಯಾಗಿ ಎಚ್ಚರಿಸುತ್ತದೆ. ಅಂತರಗಂಗೆಗೆ ಇರುವುದು ತಿಳಿನೇರಳೆ ಹೂವು. ಬೆಂಗಳೂರಿನಿಂದ ರೈಲಿನಲ್ಲಿ ಬಂದ ಭಾವಮೈದ ಅದನ್ನೊಂದು ಡಬ್ಬಿಯಲ್ಲಿ ತಂದು, "ಭಾವ, ದೊರೆಗಳ ಬಂಗಲೆಯಲ್ಲೆಲ್ಲ ಈಗ ಇದೇ. ಮಣ್ಣು ಬೇಡ, ನೀರಿದ್ರೆ ಸಾಕು" ಎಂದ. ಮಣ್ಣೂ ಕೇಳದ ಗಿಡ, ಸ್ಕೂಲು ಮೇಷ್ಟರ ಮನೆಗೆ ಹೇಳಿ ಮಾಡಿಸಿದ್ದು ಎಂದು ಹಿಗ್ಗಿದೆ.

ನಾವಾಗ ಮಾಲೂರಿನಲ್ಲಿದ್ದೆವು. ಯುದ್ಧದ ಕಾಲ, ಅಕ್ಕಿಯಿಲ್ಲ, ಸೀಮೆಎಣ್ಣೆಯಿಲ್ಲ. ಈ ಗಿಡವೊಂದು ಮಾತ್ರ ರೇಷನ್ನಿನ ಹಂಗಿಲ್ಲದೆ ಬೆಳೆದು ಹಿತ್ತಲಿನ ನೀರಿನ ಬಾನಿ ತುಂಬಿತು. "ಹೆಚ್ಚಾದದ್ದನ್ನು ತಿಪ್ಪೆಗೆ ಎಸಿ" ಎಂದರೆ ಹೆಂಡತಿ ಸೀತೆ ಕೆನ್ನೆ ಬಡಿದುಕೊಂಡಳು. "ದೇವರಿಗೆ ಹೂವು ಕೊಟ್ಟ ಗಿಡ ಕಣ್ರೀ. ಕಾಲ್ತುಳಿತಕ್ಕೆ ಹಾಕ್ತಾರಾ? ನೀರಿಗೆ ಬಿಡ್ಬೇಕು." ನಿರ್ಮಾಲ್ಯದ ಶಾಸ್ತ್ರವನ್ನು ಗಿಡಕ್ಕೂ ಹಚ್ಚಿ, ಅರಿಶಿನ ಕುಂಕುಮವಿಟ್ಟು, ಮನೆ ಹಿಂದಿನ ಕುಂಟೆಗೆ ಬಿಟ್ಟು ಬಂದಳು. ಬೀದಿಯ ದನಗಳೆಲ್ಲ ನೀರು ಕುಡಿಯುತ್ತಿದ್ದ ಕುಂಟೆ ಅದು.

ಒಂದು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ನೀರೇ ಕಾಣದಾಯಿತು. ಎದುರುಮನೆಯ ಮುನಿಯಕ್ಕನ ಎಮ್ಮೆಗರು ಹಸಿರು ನೆಲವೆಂದು ಜಿಗಿದು ಮುಳುಗಿತು. ಕರುವಿಲ್ಲದ ಎಮ್ಮೆಯ ಹಾಲು ನಿಂತಿತು, ಮುನಿಯಕ್ಕನ ಮಾತೂ ನಿಂತಿತು. ಸೀತೆಗೆ ಎರಡು ಬಾಣಂತನ ಮಾಡಿದ್ದ ತಾಯಿಯಂಥವಳು ಆಕೆ. ಇವಳು ಅಳುತ್ತ ಹೋದರೆ, "ನಿನ್ ಹೂವು ನಿನ್ ದೇವ್ರಿಗೇ ಇರ್ಲಿ ಕಣಮ್ಮಾ, ನನ್ ಕರೂಗೆ ನೀರು ಬೇಕಾಗಿತ್ತು" ಎಂದು ಕದ ಹಾಕಿಕೊಂಡಳು. ಮೂರನೆಯ ಬಾಣಂತನದಲ್ಲಿ ಸೀತೆ ಎದುರು ಬಾಗಿಲನ್ನೇ ನೋಡುತ್ತ ಮಲಗಿದಳು. ಮುನಿಯಕ್ಕ ಬರಲಿಲ್ಲ. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತಂತೆ. ನಾವು ಅದೇ ಹೂವಿನಿಂದ ಬೀದಿಗೆಲ್ಲ ಬೇಡವಾದೆವು. ಬೀದಿಯವರೊಂದಿಗೆ ಪಂಚೆ ಎತ್ತಿ ಕಟ್ಟಿ ನಾನೂ ಆ ಹಾಳು ಗಿಡ ಕಿತ್ತೆ. ಕಿತ್ತಷ್ಟೂ ಬಂತು, ಹೂವು ಸಮೇತ.

ಕೊನೆಗೆ ಮುಳಬಾಗಿಲಿಗೆ ವರ್ಗವಾಯಿತು. ಗಾಡಿ ಹೊರಡುವಾಗ ಬೀದಿಗೆ ಬೀದಿಯೇ ಸೇರಿತ್ತು. ಎಷ್ಟಾದರೂ ಮೇಷ್ಟರಲ್ಲವೇ ಎಂದು ನನ್ನ ಕಣ್ಣು ತುಂಬಿ ಬಂತು. ಮುನಿಯಕ್ಕನೂ ಬಂದಳು. ಸೀತೆ ಕಾಲಿಗೆ ಬಿದ್ದಳು. ಆಕೆ ಇವಳನ್ನು ಎತ್ತದೆ, ಗಾಡಿಯಲ್ಲಿದ್ದ ಬರಿಯ ಬಾನಿಯೊಳಗೆ ಇಣುಕಿದಳು.

"ಮನೇಲಿ ಒಂದು ಬೇರೂ ಬಿಟ್ಟಿಲ್ಲ ತಾನೇ?"

"ಇಲ್ಲಮ್ಮ. ಹೋಗಿ ಬರ್ತೀವಿ" ಎಂದೆ.

"ಬರ್ತೀವಿ ಅನ್ಬೇಡಿ ಮೇಷ್ಟ್ರೇ. ಹೋಗ್ತೀವಿ ಅನ್ನಿ."

ಊರಿನ ಮಕ್ಕಳಿಗೆಲ್ಲ ಪಾಠ ಒಪ್ಪಿಸಲು ಕಲಿಸಿದವನು ನಾನು. ಬೀದಿಯ ಮುಂದೆ ಕೈಕಟ್ಟಿ ನಿಂತು, ಆಕೆ ಹೇಳಿಕೊಟ್ಟಂತೆಯೇ ಹೇಳಿ ಗಾಡಿ ಹತ್ತಿದೆ.