ಅತ್ತೆಯ ಪರದೆ, ನನ್ನ ಮಲಗಿದ ಅಕ್ಷರಗಳು

"ಮಾಡಿಟ್ಟದ್ದನ್ನು ಕೊಳ್ಳುವವನು ಗುಲಾಮ, ತಾನೇ ಮಾಡಿಕೊಳ್ಳುವವನು ದೊರೆ!" ಎಂದು ಪತ್ರಿಕೆಯ ನನ್ನ ಅಂಕಣದಲ್ಲಿ ಗುಡುಗಿದ ವಾರವೇ ನಾನು ದೊರೆಯಾಗಲು ಹೊರಟೆ.

ಕಾರಣ ನಮ್ಮ ಅತ್ತೆ, ಹೆಂಡತಿಯ ತಾಯಿ. ಕಿವಿ ಪೂರ್ತಿ ಹೋಗಿದೆ. ಅದರ ಮೇಲೆ ಸೊಂಟದ ಆಪರೇಷನ್. ಎಡಮಗ್ಗುಲಾಗಿಯೇ ಮಲಗಿರಬೇಕೆಂದು ಡಾಕ್ಟರ ಅಪ್ಪಣೆ. ಮನೆ ಹಾರಿಹೋಗುವಂತೆ ಕೂಗಿ ಕೂಗಿ ನಮಗೆ ಗಂಟಲು ಹೋಯಿತು, ನಮ್ಮ ಮುಖ ನೋಡಿ ನೋಡಿ ಅವರಿಗೆ ಮಾತೇ ಹೋಯಿತು. ಸ್ಲೇಟು ಹಿಡಿದರೆ "ನಾನೇನು ಒಂದನೇ ಕ್ಲಾಸಾ?" ಎಂದು ಕಣ್ಣು ಮುಚ್ಚಿದವರು ಆಮೇಲೆ ತುಟಿಯನ್ನೇ ಬಿಚ್ಚಲಿಲ್ಲ. ಆ ಮೌನ ನನ್ನನ್ನು ಕೊರೆಯುತ್ತಿತ್ತು.

ಅಂಗೈಯಗಲದ ಎಲ್‌ಸಿಡಿ ಪರದೆ ತಂದೆ. ನಾವು ಟೈಪ್ ಮಾಡಿದ್ದು ಅವರ ಹಾಸಿಗೆ ಪಕ್ಕ ಮೂಡಬೇಕು.

"ಇದಕ್ಕೊಂದು ಡ್ರೈವರ್ ಬರೀಬೇಕು," ಎಂದೆ.

"ಪರದೆಗೂ ಡ್ರೈವರಾ? ನಿಮಗೆ ಸೈಕಲ್ಲೇ ನೆಟ್ಟಗೆ ಬರಲ್ಲ!" ಎಂದಳು ಹೆಂಡತಿ.

"ತಂತ್ರಾಂಶ ಕಣೇ! ಕಂಪ್ಯೂಟರು, ಪರದೆ ಎರಡೂ ಒಬ್ಬರ ಭಾಷೆ ಒಬ್ಬರಿಗೆ ಬಾರದ ಬೀಗರಿದ್ದ ಹಾಗೆ. ನಡುವೆ ಹೇಳೋಕೆ ಒಬ್ಬರು ಬೇಕು."

"ಆ ಒಬ್ಬರು ನೀವಾದ್ರೆ ಸಂಬಂಧ ಮುರಿದ ಹಾಗೇ!"

ಬರೆದೆ. ಪರದೆ ಬೆಳಗಿತು! "ಅತ್ತೆ, ಹೇಗಿದ್ದೀರಿ?" ಮೂಡಿತು. ಆದರೆ ಒಂದೊಂದು ಅಕ್ಷರವೂ ಪಕ್ಕಕ್ಕೆ ಉರುಳಿ ಮಲಗಿತ್ತು!

"ಯುದ್ಧ ಮುಗಿದ ರಣರಂಗ," ಎಂದಳು ಹೆಂಡತಿ, ಕತ್ತು ವಾಲಿಸಿ.

ಪರದೆ ಮಾಡಿದವರನ್ನು ವಂಚಕರೆಂದು ಬೈದೆ. ಅಂಕಣಕ್ಕೆ ತಲೆಬರಹವೂ ಹೊಳೆಯಿತು. ಆಮೇಲೆ ಕೈಪಿಡಿ ತೆರೆದೆ. ಅಕ್ಷರ ಮೂಡಿಸುವ ಚುಕ್ಕಿಗಳನ್ನು ಕಂಬದಂತೆ ಉದ್ದಕ್ಕೆ ಕಳಿಸಬೇಕಂತೆ. ನಾನು ತೊಲೆಯಂತೆ ಅಡ್ಡ ಕಳಿಸಿದ್ದೆ. ವಂಚಕರು ಬಚಾವಾದರು.

ಅಷ್ಟರಲ್ಲಿ ಹಾಸಿಗೆಯಿಂದ ದನಿ: "ಹೂಂ, ಇದ್ದೀನಿ."

ಅತ್ತೆ! ಮಲಗಿದ ಅವರ ಕಣ್ಣಿಗೆ ಮಲಗಿದ ಅಕ್ಷರಗಳು ನೆಟ್ಟಗೆ, ಒಂದರ ಕೆಳಗೊಂದು, ಅಂಗಡಿಯ ಉದ್ದನೆಯ ಬೋರ್ಡಿನಂತೆ ನಿಂತಿದ್ದವು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬುದ್ಧಿವಂತ ಅಲ್ಲಿಗೇ ಬಿಡುತ್ತಿದ್ದ. ದೊರೆ ಬಿಡುತ್ತಾನೆಯೇ? ತಪ್ಪು ತಿದ್ದಿದೆ! ಅಕ್ಷರಗಳು ಸಿಪಾಯಿಗಳಂತೆ ಸೆಟೆದು ನಿಂತವು. ಅತ್ತೆ ಮತ್ತೆ ಕಣ್ಣು ಮುಚ್ಚಿದರು.

"ಮೊದಲಿನ ಹಾಗೇ ಮಾಡ್ರೀ!"

"ಹಳೇದನ್ನ ಅಳಿಸಿಬಿಟ್ಟೆ. ಆ ತಪ್ಪು ಈಗ ಬರ್ತಾನೇ ಇಲ್ಲ!"

"ಬೇಡದಾಗೆಲ್ಲ ಸಲೀಸಾಗಿ ಮಾಡ್ತೀರಿ. ಬೇಕಾದಾಗ ಒಂದು ತಪ್ಪು ಮಾಡೋಕಾಗಲ್ವಾ?"

ನಾನು ಬೆವರುತ್ತ ಕೀಲಿಗಳನ್ನು ಕುಟ್ಟುತ್ತಿದ್ದೆ. ಅವಳು ಬಂದಳು, ಪರದೆಯ ಪೆಟ್ಟಿಗೆ ಎತ್ತಿದಳು, ಪಕ್ಕಕ್ಕೆ ಹೊರಳಿಸಿ ಇಟ್ಟಳು. ಮುಗಿಯಿತು! ದೊರೆಯ ಕಿರೀಟ ಮಂಚದ ಕೆಳಗೆ ಉರುಳಿತು. ಅಂಥ ಹೆಂಡತಿ ಕೊಟ್ಟ ಅತ್ತೆಗೆ ಮನಸ್ಸಿನಲ್ಲೇ ಕೈಮುಗಿದು, "ತುಂಬಾ ನೋವಿದೆಯಾ?" ಎಂದು ಟೈಪ್ ಮಾಡಿದೆ.

ಅತ್ತೆ ನಿಧಾನವಾಗಿ ಓದಿದರು. ನನ್ನ ಕೈ ಹಿಡಿದುಕೊಂಡರು.

"ಇಷ್ಟು ದಿನ ನೀವು ಕೂಗ್ತಿದ್ದದ್ದು ಇದನ್ನೇನಪ್ಪಾ? ನಾನು ಬೈತಿದ್ದೀರಿ ಅಂದ್ಕೊಂಡಿದ್ದೆ!"