ವಾಪಸ್ ಬರುವ ಡಾಕ್ಟರು

ನಮ್ಮ ಸೋದರಮಾವನ ಮಗ ಯಾವ ಮನೆಯಿಂದಲೂ ಒಂದೇ ಸಲಕ್ಕೆ ಹೊರಟ ದಾಖಲೆಯಿಲ್ಲ! ಮಾಲೂರಿನ ನಮ್ಮ ಮನೆಯಲ್ಲಿದ್ದುಕೊಂಡು, ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಎಂಬಿಬಿಎಸ್ ಓದಿದವನು. ಬೆಳಿಗ್ಗೆ ಗೇಟು ದಾಟುತ್ತಲೇ ಅನುಮಾನ ಶುರು. ಫ್ಯಾನ್ ಆರಿಸಿದೆನೆ? ಗೀಸರ್? ಸರಿ, ವಾಪಸ್ಸು. ಹೊರಟವರು ಹಿಂದಿರುಗಿದರೆ ಕೂತು ನೀರು ಕುಡಿದೇ ಹೋಗಬೇಕೆಂಬುದು ನಮ್ಮಮ್ಮನ ಕಟ್ಟಪ್ಪಣೆ. ಅವನು ಕೂರುವನು, ಕುಡಿಯುವನು, ಓಡುವನು, ಮತ್ತೆ ಬರುವನು. ಅವನ ಹೊಟ್ಟೆ ತುಂಬುವಷ್ಟರಲ್ಲಿ ರೈಲು ವೈಟ್‌ಫೀಲ್ಡ್ ಸೇರಿರುತ್ತಿತ್ತು.

ಇಂಥವನು ಡಾಕ್ಟರಾದರೆ ಗತಿಯೇನು? ಹೊಲಿಗೆ ಹಾಕಿದ ಮೇಲೆ, ಒಳಗೆ ಕತ್ತರಿ ಬಿಟ್ಟೆನೇನೋ ಎಂದು ಮತ್ತೆ ಬಿಚ್ಚಿದರೆ? ಡಾಕ್ಟರಿಗೆ ಮೊದಲು ಬೇಕಾದದ್ದು ಧೈರ್ಯ, ಇವನಿಗೆ ಅದು ಕಾಂಪೌಂಡರ್ ಆಗುವಷ್ಟೂ ಇಲ್ಲ ಎಂದು ಅಪ್ಪ ತೀರ್ಪು ಕೊಟ್ಟಿದ್ದರು. ಈಗ ನೋಡಿದರೆ ಶ್ರೀನಿವಾಸಪುರದ ಅವನ ಕ್ಲಿನಿಕ್ಕಿನ ಮುಂದೆ ಚಪ್ಪಲಿ ಬಿಡಲು ಜಾಗವಿಲ್ಲ. ಔಷಧಿ ಕೊಟ್ಟು ಕಳಿಸಿದವರನ್ನು ಬಸ್‌ಸ್ಟ್ಯಾಂಡಿನವರೆಗೂ ಹುಡುಕಿಕೊಂಡು ಹೋಗಿ ಇನ್ನೊಮ್ಮೆ ನಾಡಿ ಹಿಡಿಯುತ್ತಾನಂತೆ! "ಮಳ್ಳೀ ಚೂಸ್ತಾರು", ಮತ್ತೆ ನೋಡ್ತಾರೆ, ಎಂದು ಅಲ್ಲಿನ ಮುದುಕಿಯರು ತೆಲುಗಿನಲ್ಲಿ ಹೊಗಳುತ್ತಾರೆ.

ನಾನು ಅವನನ್ನು ಕಂಡು ನಗುವುದನ್ನು ಬಿಟ್ಟದ್ದು ಈಚಿನ ಒಂದು ಭಾನುವಾರ. ಅಮ್ಮನಿಗೆ ಬೆಳಗಿನಿಂದ ಹೊಟ್ಟೆನೋವು. ಊಟಕ್ಕೆ ಬಂದಿದ್ದ ಅವನು ಹೊಟ್ಟೆ ಒತ್ತಿ ನೋಡಿ, ಗ್ಯಾಸ್ ಇರಬಹುದೆಂದು ಮಾತ್ರೆ ಕೊಟ್ಟು ಹೊರಟ. ನೋವು ಇಳಿಯಲಿಲ್ಲ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಮಾತು ನಿಂತಿತು. ಫೋನ್ ಮಾಡಿದರೆ ಅವನು ಎತ್ತುತ್ತಿಲ್ಲ. ಆಗ ಗೇಟಿನ ಸದ್ದು! ಕೋಲಾರದವರೆಗೂ ಹೋದವನು ಕಾರು ತಿರುಗಿಸಿಕೊಂಡು ಬಂದಿದ್ದ.

"ಒತ್ತಿದಾಗ ಅತ್ತೆ ಮುಖ ನೋಡಿದೆ. ಕೈ ತೆಗೆದಾಗ ನೋಡಿದ್ನಾ ಇಲ್ವಾ ಅಂತ ಜ್ಞಾಪಕ ಬರ್ಲಿಲ್ಲ ಕಣೋ."

ಅಂಥ ನೋವಿನಲ್ಲೂ ಅಮ್ಮ ಅವನಿಗೆ ನೀರು ಕೊಡೆಂದು ನನಗೆ ಸನ್ನೆ ಮಾಡಿದಳು. ಅವನು ಕೂರಲಿಲ್ಲ. ಹೊಟ್ಟೆಯ ಬಲಗಡೆ, ಕೆಳಗೆ, ಮೆಲ್ಲನೆ ಒತ್ತಿ ತಟ್ಟನೆ ಕೈ ತೆಗೆದ. ಅಮ್ಮ ಚೀರಿದಳು. ಅಪೆಂಡಿಕ್ಸ್! ಅವಳಿಗೆ ಒಂದು ತೊಟ್ಟು ನೀರೂ ಕೊಡಕೂಡದೆಂದು ನನ್ನನ್ನು ಗದರಿ, ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸಿದ. ಕಾರು ನಾನು ಓಡಿಸಿದೆ, ಪಕ್ಕದಲ್ಲಿ ಅಪ್ಪ. ನರಸಾಪುರದಲ್ಲಿ ಫ್ಯಾಕ್ಟರಿಗಳ ಶಿಫ್ಟ್ ಬಿಟ್ಟು, ರಸ್ತೆ ತುಂಬ ಕಂಪನಿ ಬಸ್ಸುಗಳು. ಹಾರ್ನ್ ಒತ್ತುತ್ತಲೇ ಸಂದಿಯಲ್ಲಿ ನುಗ್ಗಿಸಿದೆ. ಹಿಂದಿನ ಸೀಟಿನಲ್ಲಿ ಅವನು ಅಮ್ಮನ ನಾಡಿ ಬಿಡಲೇ ಇಲ್ಲ.

ಕೋಲಾರದಲ್ಲಿ ಆಪರೇಷನ್ ಮುಗಿಸಿ ಹೊರಬಂದ ಸರ್ಜನ್, ಸ್ವಲ್ಪ ತಡವಾಗಿದ್ದರೆ ಒಳಗೇ ಒಡೆದುಹೋಗುತ್ತಿತ್ತು ಎಂದರು. ಧೈರ್ಯದ ಬಗ್ಗೆ ತೀರ್ಪು ಕೊಟ್ಟಿದ್ದ ಅಪ್ಪ ಬೆಂಚಿನ ಮೇಲೆ ಕುಸಿದು ಕೂತರು. ಅವರಿಗೆ ನೀರು ಕುಡಿಸಿದವನೂ ಇವನೇ!

ಮರುದಿನ ಬೆಳಿಗ್ಗೆ ಅಮ್ಮನಿಗೆ ಹೇಳಿ ಹೊರಟವನು, ಡ್ರಿಪ್ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ಎಂದು ಲಿಫ್ಟಿನ ಹತ್ತಿರದಿಂದ ವಾಪಸ್ ಬಂದ. ಅಮ್ಮನಿಗೆ ಇನ್ನೂ ನೀರು ಕೊಡುವಂತಿರಲಿಲ್ಲ. ತುಟಿ ಒಣಗಿ ಬಿರಿದಿತ್ತು.

"ಅವನಿಗೆ ನೀರು ಕೊಡೋ. ಕುಡೀದೆ ಹೋಗ್ಬಾರ್ದು," ಎಂದಳು.

ಅವನು ಸ್ಟೂಲ್ ಎಳೆದು ಕೂತ. ಲೋಟ ಹಿಡಿದುಕೊಂಡ. ಕುಡಿಯಲಿಲ್ಲ.

"ನಿಮಗೆ ಕೊಡೋವರೆಗೂ ನನಗೂ ಬೇಡ ಅತ್ತೆ."

ಕುಡಿಯದೆ ಹೊರಡುವಂತಿಲ್ಲವಲ್ಲ, ಅಲ್ಲೇ ಕೂತಿದ್ದ. ಸಂಜೆ ನರ್ಸ್ ಬಂದು ಇನ್ನು ಕೊಡಬಹುದು ಎಂದಾಗ, ಅದೇ ಲೋಟದಿಂದ ಒಂದು ಚಮಚ ನೀರನ್ನು ಅಮ್ಮನ ಬಾಯಿಗೆ ಹಾಕಿದ. ಉಳಿದದ್ದನ್ನು ತಾನು ಗಟಗಟನೆ ಕುಡಿದು ಹೊರಟ.

ಅವನ ಹಿಂದೆ ನಾನು ಬಾಗಿಲು ಹಾಕಲಿಲ್ಲ. ಅವನು ಮತ್ತೆ ಬರಲಿ ಎಂದು ನನಗೆ ಮೊದಲ ಸಲ ಆಸೆಯಾಗಿತ್ತು.